ಕೈ ಜೋಮು ಅಂತ ಬಂದರೆ ಮಣಿಕಟ್ಟಿನಲ್ಲೇ ನಿಲ್ಲಬೇಡಿ

ಮಡಿಕೇರಿಯ ನಮ್ಮ ಸ್ಕ್ಯಾನಿಂಗ್ ರೂಮಿನಲ್ಲಿ ದಿನದ ಬಹುಪಾಲು ಕೆಲಸ ಬಸಿರು, ಪಿತ್ತಕೋಶ, ಕಿಡ್ನಿ ಕಲ್ಲು. ನಡುವೆ ಅಪರೂಪಕ್ಕೊಂದು ಚೀಟಿ ಬರುತ್ತದೆ: ‘ಎರಡೂ ಕೈ ಜೋಮು, ಕಾರ್ಪಲ್ ಟನಲ್?’ ಅಂದರೆ ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಒತ್ತಿಹೋಗಿದೆಯೇ ಅಂತ. ಮಣಿಕಟ್ಟಿನ ಮೇಲೆ ಸ್ಕ್ಯಾನಿನ ಪ್ರೋಬ್ ಇಟ್ಟು, ಅಲ್ಲಿ ಹಾದುಹೋಗುವ ಮೀಡಿಯನ್ ನರ ಅಳೆದು, ಐದು ನಿಮಿಷದಲ್ಲಿ ರಿಪೋರ್ಟ್ ಕೊಟ್ಟುಬಿಡಬಹುದು. ಆದರೆ ವರ್ಷವಿಡೀ ಕತ್ತಿ ಹಿಡಿದ ಕೈಯಲ್ಲಿ ಆ ಜಾಗದಲ್ಲಿ ನರ ಊದಿರುವುದು ಹೊಸ ಸುದ್ದಿಯೇನಲ್ಲ. ತೋಳಿನಲ್ಲೋ ಕುತ್ತಿಗೆಯಲ್ಲೋ ಬೇರೇನೋ ನಡೀತಿದ್ದರೆ ಅದು ಇದರ ಮರೆಯಲ್ಲಿ ಉಳಿದುಹೋಗುತ್ತದೆ.

ಮೆಣಸು ಕೊಯ್ಲಿನ ಹೊತ್ತಿಗೆ ತೋಟದ ಕಾರ್ಮಿಕರ ಲೈನ್ ಮನೆಯಿಂದ ಒಬ್ಬರು ಬಂದಿದ್ದರು. ಜೆಲ್ ಹಚ್ಚುತ್ತಾ “ಯಾವಾಗಿಂದ ಅಣ್ಣ?” ಅಂದೆ.

“ಕೈಲ್ ಮುಹೂರ್ತದ ಟೈಮಲ್ಲಿ ಬೆರಳು ಜೋಮು ಹಿಡೀತು ಮೇಡಂ. ಹುತ್ತರಿ ಹೊತ್ತಿಗೆ ಕುಕ್ಕರಗಾಲಲ್ಲಿ ಕೂತರೆ ಏಳೋಕಾಗ್ತಿರಲಿಲ್ಲ. ಈಗ ಏಣಿ ಹತ್ತೋಕೂ ಆಗಲ್ಲ.”

ಚೀಟಿಯಲ್ಲಿ ಏಣಿಯ ಮಾತೇ ಇರಲಿಲ್ಲ! ಕೈಲ್ ಮುಹೂರ್ತ ಸೆಪ್ಟೆಂಬರಿನಲ್ಲಿ, ಹುತ್ತರಿ ನವೆಂಬರ್–ಡಿಸೆಂಬರಿನಲ್ಲಿ. ಬೆರಳೂ ಸೋತು ತೊಡೆಯೂ ಸೋತಿದೆ, ಅದೂ ಎಂಟು ವಾರ ದಾಟಿ ಏರುತ್ತಲೇ ಇದೆ ಅಂದರೆ ಸಿಐಡಿಪಿ ನೆನಪಾಗಬೇಕು. ದೇಹದ ರೋಗನಿರೋಧಕ ವ್ಯವಸ್ಥೆಯೇ ನರದ ಮಯಲಿನ್ ಹೊದಿಕೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಇದೇ ಜಾತಿಯ ಗಿಯಾನ್–ಬಾರೆ ಕಾಯಿಲೆ ನಾಲ್ಕು ವಾರದೊಳಗೆ ತುದಿ ಮುಟ್ಟುತ್ತದೆ, ಇದು ನಿಧಾನ.

ಹೊಸ ಮಷೀನೇನೂ ಬೇಡ. ಥೈರಾಯ್ಡ್ ನೋಡುವ ಹೈ ಫ್ರೀಕ್ವೆನ್ಸಿ ಲೀನಿಯರ್ ಪ್ರೋಬ್ ಸಾಕು. ಅಡ್ಡಕ್ಕೆ ಇಟ್ಟರೆ ನರ ಜೇನುಹುಟ್ಟಿನ ತುಂಡಿನಂತೆ ಕಾಣುತ್ತದೆ. ಪಕ್ಕದ ಸ್ನಾಯುರಜ್ಜು ಮೋಸ ಮಾಡುವುದುಂಟು. ಪ್ರೋಬ್ ಸ್ವಲ್ಪ ವಾಲಿಸಿ: ರಜ್ಜು ಥಟ್ಟನೆ ಕಪ್ಪಾಗುತ್ತದೆ, ನರ ಅಷ್ಟಾಗಿ ಬದಲಾಗುವುದಿಲ್ಲ. ಅಲ್ಲಿಂದ ನರವನ್ನು ಬಿಡದೆ ಹಿಡಿದು ಮುಂಗೈಯ ಸ್ನಾಯುಗಳ ನಡುವೆ ಮೇಲೆ ಹೋಗಿ, ಮೊಣಕೈ ದಾಟಿ, ತೋಳಿನಲ್ಲಿ ಬ್ರೇಕಿಯಲ್ ಅಪಧಮನಿಯ ಪಕ್ಕಕ್ಕೆ, ಕೊನೆಗೆ ಕುತ್ತಿಗೆಯ ಬೇರುಗಳವರೆಗೆ. ಬಿಳಿ ಅಂಚಿನ ಒಳಗಿನಿಂದ ಗೆರೆ ಎಳೆದು ಅಳೆಯಬೇಕು. ಪ್ರೋಬ್ ಓರೆಯಾಗಿದ್ದರೆ ಆರೋಗ್ಯವಂತ ನರವೂ ದಪ್ಪ ಬರುತ್ತದೆ.

2021ರ ಯುರೋಪಿಯನ್ ಮಾರ್ಗಸೂಚಿಯಲ್ಲಿ ಮೀಡಿಯನ್ ನರ ಮುಂಗೈಯಲ್ಲಿ 10, ತೋಳಿನಲ್ಲಿ 13 ಚದರ ಮಿಲಿಮೀಟರ್ ದಾಟಿದರೆ ದಪ್ಪ ಅಂತ ಲೆಕ್ಕ. ಇಂಥ ಕನಿಷ್ಠ ಎರಡು ಜಾಗ ಬೇಕು, ಮಣಿಕಟ್ಟು ಇದರಲ್ಲಿ ಸೇರುವುದಿಲ್ಲ. ಈ ಅಣ್ಣನಿಗೆ ಎರಡೂ ತೋಳಿನಲ್ಲಿ, ಕುತ್ತಿಗೆಯಲ್ಲಿ ದಪ್ಪ ಸಿಕ್ಕಿತು.

ಇಷ್ಟಕ್ಕೇ ರೋಗ ತೀರ್ಮಾನ ಆಗುವುದಿಲ್ಲ. ನರದಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ ಓಡುತ್ತದೆ ಅಂತ ನೋಡುವ ವಹನ ಪರೀಕ್ಷೆ ಆಗಲೇಬೇಕು, ನಮ್ಮೂರಿನಲ್ಲಿ ಅದಕ್ಕೊಂದು ತೊಡಕಿದೆ: ಚಳಿ. ಕೈ ತಣ್ಣಗಿದ್ದರೆ ಒಂದೊಂದು ಡಿಗ್ರಿಗೂ ನರದ ವೇಗ ಸೆಕೆಂಡಿಗೆ ಸುಮಾರು ಎರಡು ಮೀಟರ್ ಇಳಿಯುತ್ತದೆ. ಮಳೆಯಲ್ಲಿ ನೆನೆದು ಬಂದವರ ನರ ಸುಮ್ಮನೆ ನಿಧಾನ ಅನ್ನಿಸಿಬಿಡಬಹುದು. ದಪ್ಪ ಅಳೆಯುವ ನಮಗೆ ಆ ಕಾಟವಿಲ್ಲ. ಆದರೂ ರಿಪೋರ್ಟಿನಲ್ಲಿ ‘ಕೈ ಬಿಸಿ ಮಾಡಿ ವಹನ ಪರೀಕ್ಷೆ ಮಾಡಿಸಿ’ ಅಂತ ಬರೆದೇ ಬರೆಯುತ್ತೇನೆ. ಅದು ನನ್ನ ಕೆಲಸವಲ್ಲ ಅನ್ನುವವರು ಅನ್ನಲಿ.

ದಪ್ಪ ಕಂಡದ್ದೆಲ್ಲ ಸಿಐಡಿಪಿಯೂ ಅಲ್ಲ. ಮೊಣಕೈಗಿಂತ ಸ್ವಲ್ಪ ಮೇಲೆ, ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ಎದ್ದು ಕಂಡರೆ ಕುಷ್ಠರೋಗ ನೆನಪಿರಲಿ, ಅಂಗಿ ತೆಗೆಸಿ ಚರ್ಮದ ಮಚ್ಚೆ ನೋಡಿ. ಉದ್ದಕ್ಕೂ ಒಂದೇ ಸಮ ಊದಿದ್ದರೆ ಮನೆಯಲ್ಲಿ ಇನ್ಯಾರಿಗಿದೆ ಅಂತ ಕೇಳಿ, ವಂಶದಿಂದ ಬಂದದ್ದಿರಬಹುದು. ನರ ಮಾಮೂಲಾಗಿ ಕಂಡರೂ ಸಿಐಡಿಪಿ ಇಲ್ಲವೆನ್ನಲು ಬರುವುದಿಲ್ಲ.

ಆ ಅಣ್ಣನನ್ನು ಫಿಜಿಷಿಯನ್ ಮೈಸೂರಿನ ನರರೋಗ ತಜ್ಞರಿಗೆ ಕಳಿಸಿದರು. ಅಲ್ಲಿ ವಹನ ಪರೀಕ್ಷೆಯೂ ಅದನ್ನೇ ಹೇಳಿತು. ಇದಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ) ಕೆಜಿಗೆ 2 ಗ್ರಾಂ ಲೆಕ್ಕದಲ್ಲಿ 60 ಕೆಜಿ ಮನುಷ್ಯನಿಗೆ 120 ಗ್ರಾಂ ಬೇಕು; ಕೂಲಿ ಮಾಡುವವರ ಕೈಗೆಟುಕುವ ಬೆಲೆಯಲ್ಲ. ಸ್ಟೀರಾಯ್ಡ್‌ನಿಂದ ಶುರು ಮಾಡಿದ್ದಾರೆ.

ಪೂರ್ತಿ ಕೈ ನೋಡಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಹೊಟ್ಟೆ ತುಂಬ ನೀರು ಕುಡಿದು ಕೂತವರು ಬಾಗಿಲು ತಟ್ಟುತ್ತಾರೆ. ಅದಕ್ಕೇ ಕೈ ಸ್ಕ್ಯಾನನ್ನೆಲ್ಲ ಮಧ್ಯಾಹ್ನಕ್ಕೆ ಹಾಕಿದ್ದೇವೆ, ದೂರದ ತೋಟಕ್ಕೆ ಕೊನೆ ಬಸ್ ಹಿಡಿಯುವವರಿಗೆ ಮಾತ್ರ ಬೆಳಗ್ಗೆ.