ಮಾವನ ತೇಗದ ಮರ

ಊರಿಗೆ ಬಂದಾಗ ಕೆಲಸ ಎಂತದ್ದು ಅಂತ ಯಾರಾದರೂ ಕೇಳಿದರೆ 'ಮುಂಬೈಯಲ್ಲಿ ಆಫೀಸು' ಅಂತ ಹೇಳಿ ಮುಗಿಸುತ್ತಿದ್ದೆ. ಶೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಅಂದರೆ ಮತ್ತೆ ಅರ್ಧ ಗಂಟೆ ವಿವರಿಸಬೇಕು. ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಮಾವನಿಗಂತೂ ಶೇರು ಅಂದರೆ ಜೂಜು, ಅಡಿಕೆ ಒಂದೇ ದುಡ್ಡು. ಕನ್ನಡ ಶಾಲೆಯಲ್ಲಿ ಓದಿದ ನಮಗೆ ಕೇರಳದ ಸರ್ಕಾರಿ ಕೆಲಸ ಅಂದರೆ ಮಲಯಾಳದ ಗೋಡೆ, ಹಾಗಾಗಿ ಮುಂಬೈ ರೈಲು ಹತ್ತಿದವರಲ್ಲಿ ನಾನೂ ಒಬ್ಬ.

ರಿಟೈರ್ ಆಗಿ ಬಂದ ಮೊದಲ ಮಳೆಗಾಲ. ಮಾವ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಚಾವಡಿಯಲ್ಲಿ ಬಿಚ್ಚಿದರು. ತೇಗದ ಎಲೆಯ ಚಿತ್ರ, ಕೆಂಪು ಸೀಲು, ಅಂಚೆಲ್ಲ ಹುಳ ತಿಂದ ಸರ್ಟಿಫಿಕೇಟು. ನಿಮ್ಮ ದುಡ್ಡಲ್ಲಿ ತೇಗದ ಗಿಡ ನೆಡುತ್ತೇವೆ ಅಂದ ಕಂಪನಿಗೆ 1996ರಲ್ಲಿ ಅಡಿಕೆ ಮಾರಿದ ದುಡ್ಡು ಕೊಟ್ಟದ್ದಂತೆ, ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಬರ್ತದೆ ಅಂದಿದ್ದರಂತೆ.

"ನೀನು ಇದನ್ನೇ ನೋಡುವ ಆಫೀಸಲ್ಲಿ ಇದ್ದದ್ದಲ್ವಾ? ಕೊಡಿಸು ಮಾರಾಯ."

ನನಗೆ ಗಂಟಲು ಕಟ್ಟಿತು. ಸೆಬಿಗೆ ಕಾನೂನಿನ ಬಲ ಸಿಕ್ಕಿದ್ದು 1992ರಲ್ಲಿ. ಆದರೆ ಈ ತೇಗದ ಕಂಪನಿಗಳನ್ನು ಸೆಬಿ ನೋಡಿಕೊಳ್ಳಬೇಕು ಅಂತ ಸರ್ಕಾರ ಹೇಳಿದ್ದು 1997ರ ಕೊನೆಗೆ, ನಿಯಮಾವಳಿ ಬಂದದ್ದು 1999ರ ಅಕ್ಟೋಬರಿನಲ್ಲಿ. ನೋಂದಣಿ ಮಾಡಿಸಿ, ಇಲ್ಲದಿದ್ದರೆ ಯೋಜನೆ ಮುಚ್ಚಿ ಜನರ ದುಡ್ಡು ವಾಪಸ್ ಕೊಡಿ ಅಂತ ನಿಯಮ. ಕೊಡಬೇಕಾದವರು ಎಲ್ಲಿ? ನಾನು ಆಗ ಕಿರಿಯ, ನನ್ನ ಕೆಲಸ ನೋಟೀಸು ಕಳಿಸುವುದು. ಒಂದು ವಾರ ಕಳೆದರೆ ಅದೇ ಲಕೋಟೆ, ಮೇಲೆ ಅಂಚೆಯವರು ಪೆನ್ನಲ್ಲಿ ಬರೆದ 'ವಿಳಾಸದಾರರಿಲ್ಲ', ಹೀಗೆ ವಾಪಸಾದದ್ದನ್ನು ಸುತಲಿ ಹಗ್ಗದಲ್ಲಿ ಕಟ್ಟಿ ಕಟ್ಟಿ ಇಟ್ಟರೆ ಮೇಜಿನ ಕೆಳಗೆ ಕಾಲು ಚಾಚಲಿಕ್ಕೂ ಜಾಗ ಇರುತ್ತಿರಲಿಲ್ಲ. ಆಸ್ತಿ ಜಪ್ತಿ ಮಾಡಿ ವಸೂಲು ಮಾಡುವ ಅಧಿಕಾರ ಕಾಯ್ದೆಯಲ್ಲಿ ಸೇರಿದ್ದು 2014ರಲ್ಲಿ. ಅಷ್ಟು ವರ್ಷ ಯಾವ ಕಳ್ಳ ಆಸ್ತಿಯನ್ನು ಹಾಗೇ ಇಟ್ಟುಕೊಂಡು ಕೂತಿರ್ತಾನೆ ಹೇಳಿ.

ಸರ್ಟಿಫಿಕೇಟಿನ ಮೇಲಿದ್ದ ಹೆಸರು ನನಗೆ ನೆನಪಿತ್ತು. ಆ ಕಂತೆಯಲ್ಲಿ ಅದೂ ಇತ್ತು. ಅದನ್ನು ಮಾವನಿಗೆ ಹೇಳಲಿಲ್ಲ, ಸುಮ್ನೆ ತಾರೀಕುಗಳನ್ನು ಹೇಳಿದೆ.

"ಆಗ ನನಗೆ ಒಂದು ಮಾತು ಹೇಳಿದ್ದರೆ..." ಅಂತ ಶುರು ಮಾಡಿದೆ.

"ನಿನಗೆ ಹೇಳಿದರೆ ಬೇಡ ಅಂತಿದ್ದೆ," ಅಂದರು ಮಾವ. ಅತ್ತೆ ಒಳಗಿಂದ ನಕ್ಕದ್ದು ಕೇಳಿಸಿತು.

ಸ್ವಲ್ಪ ಹೊತ್ತು ಮಳೆ ನೋಡುತ್ತಾ ಕೂತರು. ಆಮೇಲೆ, "ದುಡ್ಡು ಹೋಗಲಿ. ಗಿಡ ನೆಟ್ಟದ್ದಾದರೂ ಹೌದಾ? ಎಲ್ಲಿ ಉಂಟು ಹೇಳು, ಒಮ್ಮೆ ನೋಡಿ ಬರುವ."

ಕನ್ನಡಕ ಹಾಕಿ ಹುಡುಕಿದೆ. ಸರ್ವೆ ನಂಬರ್ ಇತ್ತು. ಊರಿನ ಹೆಸರಿದ್ದ ಜಾಗವನ್ನು ಹುಳ ತಿಂದಿತ್ತು.