ಕೊಳೆ ಔಷಧಿ, ಕೊನೆಗಾರ ಮತ್ತು ಅಜ್ಜನ ಕತ್ತಿ

ಅಡಿಕೆ ಬೆಳೆಗಾರರಿಗೆ ತಾಂತ್ರಿಕ ಸಲಹೆ ನೀಡುವ ಸಂಸ್ಥೆಯೊಂದರಲ್ಲಿ ನಾನು ಕ್ಷೇತ್ರ ಸಹಾಯಕಿ. ಮುಂಗಾರಿನ ಹೊತ್ತಿಗೆ ಡೆಮೊ ಪ್ಲಾಟುಗಳ, ಅಂದರೆ ಔಷಧಿ ಹೊಡೆಸಿ ತೋರಿಸುವ ಮಾದರಿ ತೋಟಗಳ, ಟಾರ್ಗೆಟ್ ಬರುತ್ತದೆ. ಫಲಾನುಭವಿಗಳ ಪಟ್ಟಿ, ಜಿಪಿಎಸ್ ಫೋಟೊ, ಸಂಜೆಯೊಳಗೆ ಆ್ಯಪ್‌ನಲ್ಲಿ ಅಪ್‌ಲೋಡ್, ಇಷ್ಟಾದರೆ ಮೇಲಿನವರ ಲೆಕ್ಕದಲ್ಲಿ ಸಿಂಪಡಣೆ ಮುಗಿದಂತೆ. ಔಷಧಿ ಸರಿಯಾಗಿತ್ತೇ ಎಂದು ಕೇಳುವ ಕಾಲಮ್ಮು ಆ ಫಾರಮ್ಮಿನಲ್ಲಿ ಇಲ್ಲ. ಅದನ್ನು ಕೇಳಲು ನನಗೆ ಕಲಿಸಿದವರು ತೀರ್ಥಹಳ್ಳಿ ಕಡೆಯ ನನ್ನ ಅಜ್ಜ.

ರೋಹಿಣಿ ಮಳೆ ಮುಗಿಯುವುದರೊಳಗೆ ತೋಟಕ್ಕೆ, ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುವ ಕೊಳೆರೋಗದ ಮೊದಲ ಔಷಧಿ ಆಗಲೇಬೇಕೆಂಬುದು ಅಜ್ಜನ ಕಟ್ಟುನಿಟ್ಟು. 1 ಕೆ.ಜಿ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಿದ್ದರು. ಕಬ್ಬಿಣದ ಪಾತ್ರೆಯನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಬಳಿಕ ಚೆನ್ನಾಗಿ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿಟ್ಟು, ಒಂದು ಎಲೆಯಡಿಕೆ ಕವಳ ಹಾಕಿ ಮುಗಿಸುವವರೆಗೆ ಕಾಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಹುಳಿ ಉಳಿದಿದೆ, ಎಳೆಗಾಯಿ ಸುಡುತ್ತದೆ ಎಂದರ್ಥ. ಆಗ ಇನ್ನಷ್ಟು ಸುಣ್ಣದ ನೀರು ಬೀಳುತ್ತಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಈ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದರೆಂಬುದನ್ನು ನಾನು ಮುಂದೆ ಓದಿ ತಿಳಿದೆ. ಅಜ್ಜ ಹೇಳಿದ ಕಾರಣ ಬೇರೆಯೇ ಇತ್ತು: “ಜಾರುವ ಮರಕ್ಕೆ ಜೀವ ಒತ್ತೆಯಿಟ್ಟು ಹತ್ತುತ್ತಾನಲ್ಲ ಮಗಾ, ಅವನ ಕೈಗೆ ಕೆಟ್ಟ ಔಷಧಿ ಕೊಡಬಾರದು.”

ಈ ವರ್ಷ ಹೊಸನಗರ ತಾಲ್ಲೂಕಿನ ತೋಟವೊಂದರಲ್ಲಿ ಸಂಸ್ಥೆಯಿಂದ ಬಂದ ಸುಣ್ಣದ ಚೀಲ ಬಿಚ್ಚಿದಾಗಲೇ ನನಗೆ ಅನುಮಾನ ಬಂದಿತ್ತು. ಹಳೆಯ ದಾಸ್ತಾನು, ತೇವದ ಗಾಳಿಗೆ ಸೀಮೆಸುಣ್ಣದಂತಾಗಿ ಸತ್ವ ಕಳೆದುಕೊಂಡಿತ್ತು. ದ್ರಾವಣವೇನೋ ನೀಲಿಯಾಗಿಯೇ ಕಂಡಿತು. ತೋಟದವರ ಕತ್ತಿಯನ್ನು ಉಜ್ಜಿಸಿ ಅದ್ದಿದೆ. ಅಷ್ಟರಲ್ಲಿ ಪಡುವಣ ಗುಡ್ಡದ ಮೇಲೆ ಮೋಡ ಇಳಿಯತೊಡಗಿತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದ, ಮೇಲಧಿಕಾರಿಗಳು ಫೋನಿನಲ್ಲಿ “ಮೊದಲು ಒಂದು ಮರಕ್ಕೆ ಹೊಡೆಸಿ ಫೋಟೊ ಹಾಕಿ, ಮಿಕ್ಕಿದ್ದು ಆಮೇಲೆ ನೋಡೋಣ” ಎನ್ನುತ್ತಿದ್ದರು. ಯಜಮಾನರು ಒಮ್ಮೆ ನನ್ನನ್ನು, ಒಮ್ಮೆ ಆಕಾಶವನ್ನು ನೋಡಿ, “ಮೇಡಂ, ಮಳೆ ಹಿಡಿದರೆ ಇನ್ನು ಬಿಡುವು ಸಿಗುವುದಿಲ್ಲ” ಎಂದರು. ಅವರ ಮಾತು ನಿಜವೇ ಆಗಿತ್ತು. ಮಳೆ ಹಿಡಿದು ಔಷಧಿ ತಪ್ಪಿದ ತೋಟದಲ್ಲಿ ಇಡೀ ಅಡಿಕೆ ಗೊನೆಯೇ ಉದುರಿದ್ದನ್ನು ನಾನೂ ಕಂಡಿದ್ದೇನೆ. ಕತ್ತಿ ಎತ್ತಿದಾಗ ಅಲಗು ಕೆಂಪಗಾಗಿತ್ತು.

ಹೊಡೆಯುವುದು ಬೇಡ ಎಂದೆ. ಯಾರೂ ಮಾತಾಡಲಿಲ್ಲ. ಕೊನೆಗಾರ ಮಾತ್ರ ಕತ್ತಿಯನ್ನು ತನ್ನ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಪಕ್ಕದ ಮನೆಯಲ್ಲಿ ಹೊಸ ಚಿಪ್ಪುಸುಣ್ಣ ಇದೆಯೆಂದು ಹೇಳಿ ತಾನೇ ಹೋಗಿ ತಂದ. ಅದನ್ನು ನೀರಿನಲ್ಲಿ ಅರಳಿಸಿ, ಪೂರ್ತಿ ತಣಿಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಮತ್ತೆ ಮತ್ತೆ ಕತ್ತಿ ಅದ್ದಿದೆವು. ಸುಣ್ಣ ತಣಿಯುವವರೆಗೆ ಕಾದಷ್ಟು ಹೊತ್ತು ನನ್ನ ಕೆಲಸದಲ್ಲಿ ಇನ್ನೆಂದೂ ಅಷ್ಟು ಉದ್ದವೆನಿಸಿಲ್ಲ. ಅಲಗು ಬಿಳಿಯಾಗಿಯೇ ಮೇಲೆ ಬಂದ ಮೇಲೆ ಸಿಂಪಡಣೆ ಶುರುವಾಯಿತು. ಮಳೆ ಬರುವುದರೊಳಗೆ ಅರ್ಧ ತೋಟವಾಯಿತು, ಉಳಿದದ್ದಕ್ಕೆ ಮರುದಿನ ಹೊಸ ದ್ರಾವಣ ಮಾಡಿದೆವು.

ಫೋಟೊ ತಡವಾಗಿದ್ದಕ್ಕೆ ಕಚೇರಿ ನನ್ನಿಂದ ವಿವರಣೆ ಕೇಳಿತು. ಸುಣ್ಣದ ದಾಸ್ತಾನಿನ ಬಗ್ಗೆ ಯಾರನ್ನೂ ಕೇಳಲಿಲ್ಲ, ಮತ್ತು ಅದು ನನಗೆ ಈಗಲೂ ನೋವಿನ ಸಂಗತಿ. ಅಜ್ಜನ ತೋಟ ಪಾಲಾಗಿ ದೊಡ್ಡಪ್ಪನ ಮಕ್ಕಳ ಕೈಯಲ್ಲಿದೆ. ನೆಲದಿಂದಲೇ ಔಷಧಿ ಹೊಡೆಯುವ ಉದ್ದನೆಯ ದೋಟಿ ಬಂದಿದೆ, ಮರ ಹತ್ತುವುದು ಕಡಿಮೆಯಾಗಿದೆ, ಆದರೂ ಅವರು ಕತ್ತಿ ಅದ್ದದೆ ಔಷಧಿ ಹೊಡೆಸುವುದಿಲ್ಲ. ವಿವರಣೆಯ ಜೊತೆಗೇ ಫಾರಮ್ಮಿನಲ್ಲಿ ದ್ರಾವಣ ಪರೀಕ್ಷೆಗೆ ಒಂದು ಕಾಲಮ್ಮು ಸೇರಿಸಬೇಕೆಂದು ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಎರಡನೇ ಸುತ್ತಿನ ಪ್ರತಿ ಪ್ಲಾಟಿನ ಷರಾದಲ್ಲಿ ‘ಸುಣ್ಣ ಹೊಸದು, ಕತ್ತಿ ಅದ್ದಿ ನೋಡಿದೆ’ ಎಂದು ಬರೆಯುತ್ತಿದ್ದೇನೆ.