ಆ ಅಜ್ಜಿ ಅಲ್ಲಿವರೆಗೆ ಎಲ್ಲಿದ್ರು?

ನಾನು ಒಂದು ಹವ್ಯಾಸಿ ನಾಟಕ ತಂಡದಲ್ಲಿದ್ದೇನೆ. ತಂಡಕ್ಕೆ ಹೊಸ ಹುಡುಗ ಹುಡುಗಿಯರು ಬಂದಾಗಲೆಲ್ಲ ಒಂದು ಸಂಜೆ ಎಲ್ಲರನ್ನೂ ಕೂರಿಸಿ 'ಎ ಪ್ಯಾಸೇಜ್ ಟು ಇಂಡಿಯಾ' ಸಿನಿಮಾ ತೋರಿಸುತ್ತೇನೆ. ಡೇವಿಡ್ ಲೀನ್ 1984ರಲ್ಲಿ ಮಾಡಿದ್ದು. ಕಥೆ ನಡೆಯೋದು ಉತ್ತರದಲ್ಲಿ. ಆದರೆ ಪೇಟೆಯ ಸೆಟ್ ಹಾಕಿದ್ದು ನಮ್ಮ ಬೆಂಗಳೂರು ಅರಮನೆಯ ಮೈದಾನದಲ್ಲಿ. ಕಥೆಯ ಗುಹೆಗಳಿಗೆ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟದ ಬಂಡೆಗಳು. 'ಅಕ್ಕಾ, ಇದು ನಮ್ಮ ಬೆಟ್ಟ ಅಲ್ವಾ!' ಅಂತ ಯಾರಾದರೂ ಕೂಗೇ ಕೂಗುತ್ತಾರೆ.

ಸಿನಿಮಾ ಮುಗಿದ ಮೇಲೆ ಬರುವ ಪ್ರಶ್ನೆ ಮಾತ್ರ ಪ್ರತಿ ಸಲವೂ ಒಂದೇ. ಇಂಗ್ಲೆಂಡಿನಿಂದ ಬರುವ ಅಜ್ಜಿ ಮಿಸೆಸ್ ಮೂರ್ ಪಾತ್ರ ಮಾಡಿದ ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಆ ಪಾತ್ರಕ್ಕೆ ಆಸ್ಕರ್ ಬಂತು, ಆಗ ಅವರಿಗೆ 77 ವರ್ಷ ಅಂತ ಹೇಳುತ್ತೇನೆ. ಪೋಷಕ ನಟಿ ವಿಭಾಗದಲ್ಲಿ ಅಷ್ಟು ವಯಸ್ಸಾದ ಮೇಲೆ ಗೆದ್ದವರು ಇವತ್ತಿಗೂ ಬೇರೆ ಯಾರೂ ಇಲ್ಲ. ತಕ್ಷಣ ಕೇಳುತ್ತಾರೆ: 'ಹಾಗಾದ್ರೆ ಆ ಅಜ್ಜಿ ಅಲ್ಲಿವರೆಗೆ ಎಲ್ಲಿದ್ರು?'

ನಾಟಕದಲ್ಲಿದ್ದರು. 1926ರಿಂದ ಇದ್ದರು.

ಇಷ್ಟು ಹೇಳಿ ಬಿಟ್ಟರೆ ಅವರಿಗೆ ಸಮಾಧಾನ ಆಗಲ್ಲ, ನನಗೂ ಆಗಲ್ಲ. ಯಾಕಂದ್ರೆ ಈ ಪ್ರಶ್ನೆಯೊಳಗೆ ಇನ್ನೊಂದು ಮಾತು ಅಡಗಿದೆ. ಕ್ಯಾಮೆರಾ ಮುಂದೆ ಬರೋವರೆಗೂ ಅವರು ಕಾಯುತ್ತಾ ಕೂತಿದ್ದರು ಅನ್ನೋ ಹಾಗೆ. ಅವರು ಯಾವತ್ತೂ ಕಾಯುತ್ತಾ ಕೂತವರಲ್ಲ.

ಪೆಗ್ಗಿ ಹುಟ್ಟಿದ್ದು 1907ರ ಡಿಸೆಂಬರ್‌ನಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಅಮ್ಮನಿಗೆ ನಾಟಕದ ಗೀಳಿತ್ತು. ಎಲ್ಸಿ ಫೊಗರ್ಟಿ ಅನ್ನುವ ಗುರುವಿನ ಹತ್ತಿರ ಅಮ್ಮನೂ ಕಲಿತಿದ್ದರು, ಮುಂದೆ ಮಗಳೂ ಕಲಿತಳು. ಮುಂದೆ ದೊಡ್ಡ ನಟರಾದ ಲಾರೆನ್ಸ್ ಒಲಿವಿಯರ್ ಅಲ್ಲಿ ಪೆಗ್ಗಿಯ ಜೊತೆಗೇ ಕಲಿತವರು. ಹದಿನೆಂಟಕ್ಕೇ ಬರ್ಮಿಂಗ್‌ಹ್ಯಾಮ್‌ನಲ್ಲಿ ವೃತ್ತಿ ನಟಿಯಾಗಿ ರಂಗಕ್ಕೆ ಬಂದಾಯಿತು.

1930ರಲ್ಲಿ ನಡೆದದ್ದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಲಂಡನ್‌ನ ಸವಾಯ್ ಥಿಯೇಟರ್‌ನಲ್ಲಿ ಶೇಕ್ಸ್‌ಪಿಯರ್‌ನ 'ಒಥೆಲೊ'. ಒಥೆಲೊ ಆಗಿ ಅಮೆರಿಕದ ಕಪ್ಪು ನಟ, ಗಾಯಕ ಪಾಲ್ ರೋಬ್ಸನ್. ಅವನ ಹೆಂಡತಿ ಡೆಸ್ಡಿಮೋನಾ ಆಗಿ 22 ವರ್ಷದ ಪೆಗ್ಗಿ. ಕಪ್ಪು ಗಂಡಸೊಬ್ಬ ರಂಗದ ಮೇಲೆ ಬಿಳಿ ಹೆಂಗಸನ್ನು ಮುಟ್ಟುತ್ತಾನೆ, ಮುತ್ತಿಡುತ್ತಾನೆ ಅನ್ನೋದೇ ಆಗ ದೊಡ್ಡ ಗಲಾಟೆಯ ವಿಷಯ. ಪೆಗ್ಗಿಗೆ ಬೈಗುಳದ ಕಾಗದಗಳು ಬಂದವು. ಥಿಯೇಟರ್‌ನಲ್ಲಿ ಜನರ ಚಪ್ಪಾಳೆ ಪಡೆಯುವ ರೋಬ್ಸನ್‌ಗೆ ಪಕ್ಕದಲ್ಲೇ ಇದ್ದ ಅದೇ ಹೆಸರಿನ ಹೋಟೆಲಿನಲ್ಲಿ ಸ್ವಾಗತ ಇರಲಿಲ್ಲ. ಪೆಗ್ಗಿ ಇದನ್ನು ಕೊನೇವರೆಗೂ ಮರೆಯಲಿಲ್ಲ. ಆಮೇಲೆ ಅವರು ಜಗತ್ತಿನ ಅನ್ಯಾಯಗಳ ಬಗ್ಗೆ ಗಟ್ಟಿಯಾಗಿ ಮಾತಾಡುವವರಾದರು. ಅದರ ಬೀಜ ಇಲ್ಲೇ ಬಿತ್ತು ಅಂತ ನನಗನಿಸುತ್ತೆ.

ಸಿನಿಮಾದಲ್ಲಿ ಆಗ ಅವರು ಇರಲೇ ಇಲ್ಲ ಅಂತಲ್ಲ. ಹಿಚ್‌ಕಾಕ್‌ರ 'ದಿ ಥರ್ಟಿನೈನ್ ಸ್ಟೆಪ್ಸ್' 1935ರದ್ದು. ಅದರಲ್ಲಿ ಕೆಲವೇ ನಿಮಿಷ ಬರುತ್ತಾರೆ. ಸ್ಕಾಟ್ಲೆಂಡಿನ ಒಂಟಿ ಮನೆಯೊಂದರ ರೈತನ ಹೆಂಡತಿ. ಗಂಡ ವಯಸ್ಸಾದವನು, ಸಂಶಯದವನು. ತಲೆ ತಪ್ಪಿಸಿಕೊಂಡು ಬಂದ ನಾಯಕನ ಹತ್ತಿರ ಅವಳು ಪಟ್ಟಣದ ಸುದ್ದಿ ಕೇಳುತ್ತಾಳೆ. ಅಲ್ಲಿನ ಹೆಂಗಸರು ಕಾಲಿನ ಉಗುರಿಗೂ ಬಣ್ಣ ಹಚ್ಚುತ್ತಾರಂತೆ, ನಿಜಾನಾ ಅಂತ. ಆ ಒಂದು ಸಣ್ಣ ಪ್ರಶ್ನೆಯಲ್ಲಿ ಅವಳು ಬಿಟ್ಟು ಬಂದ ಊರು, ಸಿಗದೆ ಹೋದ ಬದುಕು ಎಲ್ಲಾ ಇದೆ. ಕೊನೆಗೆ ಗಂಡನ ಕೋಟನ್ನೇ ಕೊಟ್ಟು ನಾಯಕನನ್ನು ಕಳಿಸಿಬಿಡುತ್ತಾಳೆ. ಅದರ ಪರಿಣಾಮ ಏನು ಅಂತ ಅವಳಿಗೆ ಗೊತ್ತು. ಆ ಸಿನಿಮಾದಲ್ಲಿ ನನಗೆ ಜಾಸ್ತಿ ನೆನಪಿರೋದು ಅವಳೇ.

ಅದೇ ವರ್ಷ ಅವರು ರಂಗದ ಮೇಲೆ ಜೂಲಿಯೆಟ್. ಜಾನ್ ಗಿಲ್‌ಗುಡ್ ಮತ್ತು ಒಲಿವಿಯರ್ ರೋಮಿಯೋ, ಅವನ ಗೆಳೆಯ ಮರ್ಕ್ಯೂಷಿಯೋ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡು ಆಡಿದರು. ಇಬ್ಬರು ರೋಮಿಯೋಗಳಿಗೂ ಜೂಲಿಯೆಟ್ ಒಬ್ಬರೇ, ಪೆಗ್ಗಿ.

ಮುಂದೆ ಶೇಕ್ಸ್‌ಪಿಯರ್ ಹುಟ್ಟಿದ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ನಿರ್ದೇಶಕ ಪೀಟರ್ ಹಾಲ್ ಒಂದು ಕಾಯಂ ತಂಡ ಕಟ್ಟಬೇಕು ಅಂತ ಹೊರಟರು. ಅದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ. ನಟರು ವರ್ಷಗಟ್ಟಲೆ ಒಟ್ಟಿಗೆ ಇದ್ದು ನಾಟಕದ ಮೇಲೆ ನಾಟಕ ಕಟ್ಟೋದು. ನೀನಾಸಂ ತಿರುಗಾಟ, ರಂಗಾಯಣ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗಲೇ ದೊಡ್ಡ ಹೆಸರಿದ್ದ ಪೆಗ್ಗಿ ಮೊದಲೇ ಬರ್ತೀನಿ ಅಂದರು. ಅವರು ಬಂದದ್ದು ಆ ತಂಡಕ್ಕೆ ದೊಡ್ಡ ಬಲ.

1963ರಲ್ಲಿ ಅದೇ ತಂಡ ಶೇಕ್ಸ್‌ಪಿಯರ್‌ನ ನಾಲ್ಕು ಚಾರಿತ್ರಿಕ ನಾಟಕಗಳನ್ನು ಮೂರಾಗಿ ಹೊಂದಿಸಿ 'ದಿ ವಾರ್ಸ್ ಆಫ್ ದಿ ರೋಸಸ್' ಆಡಿತು. ಪೆಗ್ಗಿ ರಾಣಿ ಮಾರ್ಗರೆಟ್. ಫ್ರಾನ್ಸಿನಿಂದ ಬರುವ ಹರೆಯದ ಹುಡುಗಿಯಿಂದ ಹಿಡಿದು ಎಲ್ಲಾ ಕಳೆದುಕೊಂಡು ಶಾಪ ಹಾಕುತ್ತಾ ತಿರುಗುವ ಮುದುಕಿಯವರೆಗೆ. ಆಗ ಅವರಿಗೆ 55. ಕೆಲವು ದಿನ ಮೂರೂ ನಾಟಕ ಒಂದೇ ದಿನ ಆಡುತ್ತಿದ್ದರು. ಬೆಳಗ್ಗೆ ಹುಡುಗಿ, ರಾತ್ರಿ ಮುದುಕಿ! ನಾಟಕ ಮಾಡಿದವರಿಗೆ ಆ ದಿನದ ದಣಿವು ಎಷ್ಟು ಅಂತ ಗೊತ್ತಾಗುತ್ತೆ. ಪುಣ್ಯಕ್ಕೆ ಬಿಬಿಸಿ ಇದನ್ನು ಚಿತ್ರೀಕರಿಸಿ ಇಟ್ಟಿದೆ.

ಮದುವೆಗಳು ಮೂರು, ಮೂರೂ ಮುರಿದವು. ಇಬ್ಬರು ಮಕ್ಕಳು. 1956ರಲ್ಲಿ ಡೇಮ್ ಬಿರುದು, ಗಂಡಸರಿಗೆ 'ಸರ್' ಇದ್ದ ಹಾಗೆ. 1962ರಲ್ಲಿ ಹುಟ್ಟಿದ ಊರಿನ ರಂಗಮಂದಿರಕ್ಕೆ ಅವರದೇ ಹೆಸರಿಟ್ಟರು.

ಲೀನ್ ಮಿಸೆಸ್ ಮೂರ್ ಪಾತ್ರಕ್ಕೆ ಕರೆದಾಗ ಪೆಗ್ಗಿ ಅಷ್ಟೇನೂ ಒಪ್ಪಿರಲಿಲ್ಲ. 'ದಿ ಜುವೆಲ್ ಇನ್ ದಿ ಕ್ರೌನ್' ಧಾರಾವಾಹಿಗಾಗಿ ಆಗಷ್ಟೇ ಇಂಡಿಯಾದಲ್ಲಿ ಕೆಲಸ ಮಾಡಿದ್ದರು. ನನಗೆ 75 ಆಯ್ತು ಅಂದರಂತೆ. ನನಗೂ ಅಷ್ಟೇ ಅಂದರಂತೆ ಲೀನ್. ಇಬ್ಬರ ಮಧ್ಯೆ ಇದ್ದ ಅಂತರ ಮೂರೇ ತಿಂಗಳು.

ಆ ಸಿನಿಮಾದ ಮಸೀದಿಯ ದೃಶ್ಯ ನೋಡಿ. ರಾತ್ರಿ, ಬೆಳದಿಂಗಳು. ಮಿಸೆಸ್ ಮೂರ್‌ರನ್ನು ಕಂಡು ಡಾಕ್ಟರ್ ಅಜೀಜ್ ಪಾತ್ರದ ವಿಕ್ಟರ್ ಬ್ಯಾನರ್ಜಿ ಬೆಚ್ಚಿಬಿದ್ದು, ಚಪ್ಪಲಿ ಬಿಡದೆ ಒಳಗೆ ಬಂದಿದ್ದೀರಿ ಅಂತ ರೇಗುತ್ತಾನೆ. ಆಕೆ ಬಿಟ್ಟೇ ಬಂದಿದ್ದಾರೆ. ಹೇಳುತ್ತಾರೆ ಅಷ್ಟೇ. ದನಿ ಏರಲ್ಲ, ಮುಖದಲ್ಲಿ ಬೇಜಾರಿಲ್ಲ, ನಾನು ಒಳ್ಳೆಯವಳು ಅನ್ನೋ ಹಮ್ಮೂ ಇಲ್ಲ. ಅಷ್ಟು ಕಡಿಮೆ ಮಾಡೋಕೆ ಎಷ್ಟು ವರ್ಷ ಬೇಕಾಗಿರಬಹುದು ಅಂತ ನಾನು ಹೊಸಬರನ್ನು ಕೇಳುತ್ತೇನೆ. ಅವರ ಪ್ರಶ್ನೆಗೆ ನನ್ನ ಉತ್ತರವೂ ಅದೇ.

ಪೆಗ್ಗಿ 1991ರಲ್ಲಿ ತೀರಿಕೊಂಡರು, 83ನೇ ವಯಸ್ಸಿನಲ್ಲಿ.

ಈ ಸಲ ಸಿನಿಮಾ ತೋರಿಸಿದಾಗ ಒಬ್ಬ ಹುಡುಗಿ ಎಲ್ಲರೂ ಹೋದ ಮೇಲೂ ಉಳಿದಳು. ಮಸೀದಿಯ ದೃಶ್ಯ ಇನ್ನೊಂದ್ಸಲ ಹಾಕಿ ಅಂದಳು. ಹಾಕಿದೆ. ಕುರ್ಚಿ ಎತ್ತಿಡುತ್ತಾ ಕೇಳಿದಳು:

'ಅಕ್ಕಾ, ಆ ಡೆಸ್ಡಿಮೋನಾ ಮಾಡಿದ್ದು ಎಲ್ಲಾದ್ರೂ ನೋಡೋಕೆ ಸಿಗುತ್ತಾ?'

'ಇಲ್ಲ ಕಣೇ,' ಅಂದೆ. 'ಅವತ್ತು ಬಂದು ಕೂತಿದ್ದವರು ನೋಡಿದ್ರು, ಅಷ್ಟೇ.'